ಹಲಗೆಯ ಮೇಲೆ ಓಬಮ್ಮನ ಹೆಸರು

ಪಂಚನಹಳ್ಳಿ ಹತ್ತಿರದ ಒಂದೂರಿನಲ್ಲಿ ರೇಷನ್ ಅಂಗಡಿಯನ್ನು ಮಹಿಳಾ ಸಂಘವೇ ನಡೆಸುತ್ತದೆ. ತಕ್ಕಡಿ ಮಲ್ಲಿಕಾಂಬನ ಕೈಯಲ್ಲಿ. ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಮ್ಮಿಯಿಲ್ಲ, ಅಷ್ಟು ನಿಯತ್ತಿನ ಹೆಂಗಸು. ಬಾಯಿಗೆ ಮಾತ್ರ ಹಿಡಿತವಿಲ್ಲ.

ಹೋದ ವರ್ಷ ಯಾರೋ ತೀರಿಕೊಂಡ ಅತ್ತೆಯ ಪಾಲಿನ ಅಕ್ಕಿಯನ್ನೂ ತಿಂಗಳುಗಟ್ಟಲೆ ಎತ್ತಿದ್ದು ಗೊತ್ತಾಯಿತು. ಅಂದೇ ಮಲ್ಲಿಕಾಂಬ ಅಂಗಡಿ ಬಾಗಿಲಿಗೆ ಒಂದು ಕರಿಹಲಗೆ ತೂಗುಹಾಕಿದಳು. ಮೇಲೆ ದಪ್ಪ ಅಕ್ಷರದಲ್ಲಿ ‘ಅನುಮಾನ’. ಕೆಳಗೆ, ಮಿಷನ್ನಿಗೆ ಹೆಬ್ಬೆಟ್ಟು ಹೊಂದದವರ ಹೆಸರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು.

ಈ ತಿಂಗಳು, ಮಲ್ಲಿಕಾಂಬನ ಮನೆಗೆ ಕೂಲಿಗೆ ಬರುವ ಓಬಮ್ಮ ಮೂರು ಸಲ ಹೆಬ್ಬೆಟ್ಟು ಒತ್ತಿದಳು. ಮಿಷನ್ ಒಪ್ಪಲಿಲ್ಲ.

“ಯಾರ ಕಾರ್ಡೇ ಇದು? ನಿಂದೇನಾ?” ಮಲ್ಲಿಕಾಂಬ ಸಾಲಿಗೆಲ್ಲ ಕೇಳುವಂತೆ ಕೇಳಿದಳು.

“ನಂದೇ ಕಣ್ರಮ್ಮ.”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹೆಸರು ಹಲಗೆಗೇರಿತು. ಓಬಮ್ಮ ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಟುಹೋದಳು. ಮಾರನೆಯ ದಿನದಿಂದ ಮಲ್ಲಿಕಾಂಬನ ಮನೆಗೆ ತೆಂಗಿನಕಾಯಿ ಸುಲಿಯಲೂ ಬರಲಿಲ್ಲ.

ನಾಲ್ಕನೇ ದಿನ ಆಶಾ ಕಾರ್ಯಕರ್ತೆ ಅಕ್ಷತಾ ಮಲ್ಲಿಕಾಂಬನ ಮನೆಗೆ ಬಂದಳು.

“ಅಕ್ಕ, ಓಬಮ್ಮತ್ತೆ ಮನೇಲಿ ಮೂರು ದಿನದಿಂದ ಬರೀ ಗಂಜಿ. ಅಂಗಡಿಗೆ ಬಾ ಅಂದ್ರೆ, ಆ ಬಾಗ್ಲು ತುಳಿಯಲ್ಲ ಅಂತಾರೆ.”

“ಹಂಗಾದ್ರೆ ಕಳ್ಳರನ್ನ ಹಿಡಿಯೋದು ಬ್ಯಾಡ್ವೇನೇ?”

“ಹಿಡೀರಿ. ಸತ್ತೋರ ಹೆಸ್ರು ಕಾರ್ಡಿಂದ ತೆಗೆಸಿ. ಅನುಮಾನ ಬಂದ್ರೆ ಫುಡ್ ಇನ್ಸ್‌ಪೆಕ್ಟರ್‌ಗೆ ಹೇಳಿ. ಬೆರಳು ಕೂಡ್ಲಿಲ್ಲ ಅಂದ್ರೆ ಅದು ಕಳ್ಳತನ ಅಲ್ಲ ಕಣಕ್ಕ. ಅವರ ಹೆಬ್ಬೆಟ್ಟು ಯಾವತ್ತಾದ್ರೂ ನೋಡಿದೀರಾ? ಗೆರೇನೇ ಇಲ್ಲ. ಕಾಯಿ ಸುಲಿದೂ ಸುಲಿದೂ ಸವೆದೋಗಿದೆ.”

ಮಲ್ಲಿಕಾಂಬ ಅಂಗಳದತ್ತ ನೋಡಿದಳು. ಅಲ್ಲಿ ರಾಶಿ ಬಿದ್ದಿದ್ದ ಕಾಯಿಗಳಷ್ಟೂ ಓಬಮ್ಮ ಸುಲಿದವು. ಇಪ್ಪತ್ತು ವರ್ಷದಿಂದ ಅವಳದು ಅದೇ ಕೆಲಸ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟು ನಾಚಿಕೆ ಅವಳಿಗೆ ಜನ್ಮದಲ್ಲಿ ಆಗಿರಲಿಲ್ಲ.

ಆಗಲೇ ಹೋಗಿ ಹಲಗೆ ಇಳಿಸಿದಳು. ಅಲ್ಲಿಂದ ನೇರ ಓಬಮ್ಮನ ಮನೆ ಬಾಗಿಲಿಗೆ ಹೋಗಿ, “ತಪ್ಪಾಯ್ತು ಓಬಮ್ಮ, ಬಾ” ಎಂದು ಕರೆತಂದಳು. ಅವಮಾನ ಮಾಡಿದ್ದು ಸಾಲಿನ ಮುಂದೆ, ಹಾಗಾಗಿ ಅದೇ ಸಾಲಿನ ಮುಂದೆ ಮತ್ತೊಮ್ಮೆ ತಪ್ಪೊಪ್ಪಿಕೊಂಡಳು. ಅಕ್ಷತಾ ಹೇಳಿದಂತೆ ಬೆರಳುಗಳನ್ನು ತೊಳೆಸಿ, ಒರೆಸಿ, ಒಂದೊಂದಾಗಿ ಇಡಿಸಿದಳು. ಎಡಗೈಯ ಉಂಗುರದ ಬೆರಳನ್ನು ಮಿಷನ್ ಒಪ್ಪಿತು.

ಅಕ್ಕಿ ಚೀಲಕ್ಕೆ ಬಿತ್ತು. ಓಬಮ್ಮ ತಲೆ ಎತ್ತದೆ ಹೇಳಿದಳು:

“ನಂಗೆ ಓದಾಕ್ ಬರಲ್ಲ ಕಣ್ರಮ್ಮ. ಮೊಮ್ಮಗಳು ಒಂದನೇ ಕ್ಲಾಸು, ಈಗ ಕೂಡ್ಸಿ ಕೂಡ್ಸಿ ಓದ್ತಾಳೆ. ಇಸ್ಕೂಲಿಂದ ಬರ್ತಾ ಹಲಗೆ ಮೇಲೆ ನನ್ ಹೆಸ್ರು ಓದ್ಕೊಂಡು ಬಂದು, ‘ಅಜ್ಜಿ, ಅನುಮಾನ ಅಂದ್ರೇನು?’ ಅಂತ ಕೇಳಿದ್ಲು.”

ಮಲ್ಲಿಕಾಂಬ ಇಳಿಸಿಟ್ಟಿದ್ದ ಹಲಗೆಯನ್ನೆತ್ತಿ, ಅದರ ಮೇಲಿನ ಅಕ್ಷರಗಳನ್ನೆಲ್ಲ ಸೆರಗಿನಿಂದ ಒರೆಸಿಹಾಕಿದಳು.

ಅಕ್ಕಂದಿರೇ, ಅಣ್ಣಂದಿರೇ, ಮೋಸ ಕಂಡರೆ ಸುಮ್ಮನಿರಬೇಡಿ, ದೂರು ಕೊಡಿ. ಆದರೆ ಬೆರಳು ಹೊಂದದವರನ್ನು ಬರಿಗೈಲಿ ಕಳಿಸಬೇಡಿ. ಬೇರೆ ಬೆರಳು ಇಡಿಸಿ. ಆಗಲೂ ಆಗದಿದ್ದರೆ ಬೇರೆ ದಾರಿ ಏನಿದೆ ಎಂದು ಇನ್ಸ್‌ಪೆಕ್ಟರರನ್ನು ಕೇಳಿ. ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಹೊಸದಾಗಿ ಕೊಡಲು ನೆರವಾಗಿ. ಕೇಳುವುದೇನಾದರೂ ಇದ್ದರೆ ಪಕ್ಕಕ್ಕೆ ಕರೆದು, ಮೆತ್ತಗೆ ಕೇಳಿ. ನಿಮ್ಮೂರಿನ ಅಂಗಡಿ ಬಾಗಿಲಲ್ಲೂ ಅಂಥ ಹಲಗೆ ಇದ್ದರೆ ಇವತ್ತೇ ಇಳಿಸಿ, ಯಾವುದಾದರೂ ಮಗು ಅದನ್ನು ಓದುವ ಮೊದಲು.