ತಟ್ಟೆಯೂ ಖಾಲಿ, ಬುಟ್ಟಿಯೂ ಖಾಲಿ

ಹೆಂಡತಿ ತೀರಿಕೊಂಡ ಮೇಲೆ ದರ್ಜಿ ಬಹಳ ದಿನ ಗೋಡೆ ನೋಡುತ್ತ ಕುಳಿತಿದ್ದರು. ಕರೆದರೆ ಓಗೊಡುತ್ತಿರಲಿಲ್ಲ. ತಟ್ಟೆ ಮುಂದಿಟ್ಟರೆ ಉಣ್ಣುತ್ತಿದ್ದರು, ಇಡದಿದ್ದರೆ ಇಲ್ಲ. ಹೊಲಿಗೆ ಅಂಗಡಿಯನ್ನು ಮೊದಲೇ ಬೇರೆಯವರಿಗೆ ಬಿಟ್ಟುಕೊಟ್ಟಿದ್ದರಿಂದ ಕೈಗೆ ಕೆಲಸವೂ ಇರಲಿಲ್ಲ. ಅವಳನ್ನು ಕೊಟ್ಟ ದೇವರೇ ಕರೆಸಿಕೊಂಡ, ಕೇಳಲು ನಾನ್ಯಾರು ಎಂದು ಬಾಯಿ ಹೇಳುತ್ತಿತ್ತು. ಮನಸ್ಸು ಮಾತ್ರ ದಿನವೂ ಕೇಳುತ್ತಲೇ ಇತ್ತು. ಒಂದು ಬೆಳಿಗ್ಗೆ ಅದೇನು ತೋಚಿತೋ, ಎದ್ದವರೇ ಸೊಂಟಕ್ಕೆ ಟವೆಲ್ ಬಿಗಿದು ಒಲೆಯ ಮುಂದೆ ನಿಂತರು.

"ಇನ್ನು ಮೇಲೆ ಈ ಮನೆ ಅಡುಗೆ ನನ್ನದು," ಎಂದರು.

ಸೊಸೆ ಬಾಯಿ ತೆರೆದಳು. ಮಗ ಅವಳ ಕಾಲನ್ನು ಮೆತ್ತಗೆ ತುಳಿದ. ತೆರೆದ ಬಾಯಿ "ಆಗಲಿ ಮಾವ" ಎಂದು ಮುಚ್ಚಿಕೊಂಡಿತು.

ಅಂದಿನಿಂದ ಮನೆಗೆ ಜೀವ ಬಂತು. ದರ್ಜಿ ಆಲೂಗಡ್ಡೆಯನ್ನು ಗುಂಡಿಗಳಂತೆ ಒಂದೇ ಅಳತೆಗೆ ಕತ್ತರಿಸಿದರು. ಕುಂಬಳಕಾಯಿಯ ಸಿಪ್ಪೆಯನ್ನು ಎಲ್ಲೂ ಹರಿಯದಂತೆ ಉದ್ದಕ್ಕೆ ತೆಗೆದು ಮೊಳೆಗೆ ತೂಗುಹಾಕಿದರು, ನೋಡಿದವರು ಮೆಚ್ಚಲಿ ಎಂದು. ತಾವು ಮಾತ್ರ ಹಾಲಿನಲ್ಲಿ ಅದ್ದಿದ ಬ್ರೆಡ್ ತಿಂದು ಏಳುತ್ತಿದ್ದರು. ಹೆಂಡತಿ ಹೋದ ಮೇಲೆ ಅವರ ನಾಲಿಗೆಗೆ ಸಕ್ಕರೆಯೂ ಒಂದೇ, ಸುಣ್ಣವೂ ಒಂದೇ. ಆದರೆ ಉಳಿದವರ ತಟ್ಟೆಗಳು ತೊಳೆದಿಟ್ಟಂತೆ ಖಾಲಿಯಾಗಿ ಬರುತ್ತಿದ್ದವಲ್ಲ, ಅದರಿಂದಲೇ ಅವರ ಹೊಟ್ಟೆ ತುಂಬುತ್ತಿತ್ತು. ಬೀದಿಯ ಕೊನೆಯ ಸೈಕಲ್ ಅಂಗಡಿಯಿಂದ ಮಗ, ಶಾಲೆಯಿಂದ ಟೀಚರ್ ಸೊಸೆ, ಕಾಲೇಜಿನಿಂದ ಮೊಮ್ಮಗಳು, ಮೂವರೂ ಮಧ್ಯಾಹ್ನ ಮನೆಗೇ ಬರುತ್ತಿದ್ದರು. ಹಿತ್ತಲಲ್ಲಿ ಗಾಳಿ ಚೆನ್ನಾಗಿದೆ ಎಂದು ತಟ್ಟೆ ಹಿಡಿದು ಹಿತ್ತಲಿಗೇ ಹೋಗುತ್ತಿದ್ದರು. ದರ್ಜಿ ತೃಪ್ತಿಯಿಂದ ಕಾಲು ಚಾಚಿ ಒಂದು ನಿದ್ದೆ ತೆಗೆಯುತ್ತಿದ್ದರು.

ಒಂದೇ ಒಂದು ಚಿಂತೆ. ಹೆಂಡತಿ ಸಾಕಿದ ಕೋಳಿಗಳು ಮೊಟ್ಟೆ ಇಡುವುದನ್ನು ಕಡಿಮೆ ಮಾಡಿದ್ದವು. ಅವಳಿದ್ದಾಗ ಬೆಳಿಗ್ಗೆ ಬುಟ್ಟಿ ತುಂಬುತ್ತಿತ್ತು. ಈಗ ಒಂದು ಸಿಕ್ಕರೆ ಪುಣ್ಯ, ಅದರ ಚಿಪ್ಪೂ ಕಾಗದದಷ್ಟು ತೆಳು. ಕೆಂಪಿ, ಮಚ್ಚೆ, ಜಗಳಗಂಟಿ, ಮಹಾರಾಣಿ, ನಾಲ್ಕೂ ಮರದ ನೆರಳಲ್ಲಿ ಉಸ್ಸೆಂದು ಕುಳಿತಿರುತ್ತಿದ್ದವು. ಎದ್ದರೆ ನೀರಿನ ಬಾನಿಗೆ, ಬಾನಿಯಿಂದ ಮತ್ತೆ ನೆರಳಿಗೆ. ಅವುಗಳಿಗೂ ದುಃಖವಿರಬೇಕು ಎಂದು ದರ್ಜಿ ಮೊದಲು ಮರುಗಿದರು. ಆಮೇಲೆ, ಪಕ್ಕದ ಮನೆಯ ಕ್ಷೌರಿಕನ ಅಡುಗೆಮನೆಯಿಂದ ದಿನವೂ ಆಮ್ಲೆಟ್ ವಾಸನೆ ಬರುತ್ತಿದ್ದುದನ್ನು ಗಮನಿಸಿದರು. ನಡುವಿನ ಗೋಡೆಯೋ, ಮಕ್ಕಳೂ ದಾಟುವಷ್ಟು ಗಿಡ್ಡ.

"ಏನಪ್ಪಾ, ಆಮ್ಲೆಟ್ಟು ಜೋರಾಗಿದೆ?" ಎಂದು ಗೋಡೆಯ ಮೇಲಿಂದ ಕೇಳಿದರು.

"ಯಾಕೆ ದರ್ಜಿಗಳೇ, ನನ್ನ ಬಾಣಲೆ ಮೇಲೂ ಕಣ್ಣು ಬಿತ್ತಾ?"

"ಬಾಣಲೆ ನಿಂದೇ. ಮೊಟ್ಟೆ ಯಾರದ್ದು ಅಂತ."

ಕ್ಷೌರಿಕ ಗೋಡೆ ದಾಟಿಯೇ ಬಂದ. ಕೈಗೆ ಸಿಕ್ಕ ಮಹಾರಾಣಿಯನ್ನು ಎತ್ತಿ, ತೂಗಿ, "ಅಬ್ಬಬ್ಬಾ!" ಎಂದು ಇಳಿಸಿದ. "ಇದೇನು ಕೋಳಿನಾ, ದಿಂಬಾ? ಅಲ್ಲಾ ಸ್ವಾಮಿ, ಮೊಟ್ಟೆ ಕಳ್ಳ ಬುಟ್ಟಿ ಖಾಲಿ ಮಾಡ್ತಾನೆ, ಒಪ್ಕೋತೀನಿ. ಕೋಳೀನ ಯಾಕೆ ದಪ್ಪ ಮಾಡ್ತಾನೆ? ಇವು ಓಡಾಡೋಕೇ ಆಗದಷ್ಟು ತಿಂದಿವೆ, ಇನ್ನು ಮೊಟ್ಟೆ ಎಲ್ಲಿ ಇಡ್ತಾವೆ? ಯಾರೋ ದಿನಾ ಮದುವೆ ಊಟ ಹಾಕ್ತಿದಾರೆ. ಮೊದಲು ನಿಮ್ಮ ಮನೆ ಕಡೆ ನೋಡ್ಕೊಳ್ಳಿ."

ದರ್ಜಿಗೆ ಮಾತು ತಾಗಿತು. ಹಾಕುತ್ತಿದ್ದುದು ಬೆಳಿಗ್ಗೆ ಒಂದು ಹಿಡಿ ಕಾಳು, ಅದೂ ಅವರದೇ ಕೈಯಿಂದ.

ಮರುದಿನ ಮಧ್ಯಾಹ್ನ ಬಡಿಸಿ, ಆಕಳಿಸಿ, ಕೋಣೆಗೆ ಹೋದಂತೆ ಮಾಡಿ, ಮುಂಬಾಗಿಲಿಂದ ಸುತ್ತಿ ಬಂದು ಹಿತ್ತಲಲ್ಲಿ ಹಗ್ಗದ ಮೇಲೆ ಒಣಹಾಕಿದ್ದ ದೊಡ್ಡ ಹಾಸುಬಟ್ಟೆಯ ಹಿಂದೆ ನಿಂತರು. ಹಾಸಿನ ಕೆಳಗೆ ಅವರ ಎರಡು ಪಾದಗಳು ಕಾಣುತ್ತಿದ್ದವು. ಪುಣ್ಯಕ್ಕೆ ಯಾರೂ ಅತ್ತ ನೋಡಲಿಲ್ಲ.

ಮೊದಲು ಮಗ ಬಂದ. ತಟ್ಟೆಯನ್ನು ಬಗ್ಗಿಸಿ ಕೈಮುಗಿದ. "ತಿನ್ನಿ ತಾಯಂದಿರಾ, ನಿಮ್ಮ ಕಾಲಿಗೆ ಬೀಳ್ತೀನಿ, ಒಂದು ಅಗುಳೂ ಬಿಡಬೇಡಿ." ಹಿಂದೆಯೇ ಸೊಸೆ. "ಸ್ವಲ್ಪ ಜರುಗಿ, ನಂದೂ ಇದೆ." ಮೊಮ್ಮಗಳು ಬಂದವಳೇ ಚೀಲದಿಂದ ಬನ್ ತೆಗೆದು ಮೂವರಿಗೂ ಹಂಚಿದಳು. ಕೋಳಿಗಳು ಅನ್ನ, ಬೇಳೆ, ಆಲೂಗಡ್ಡೆಯ ಮೇಲೆ ಮುಗಿಬಿದ್ದವು. ಜಗಳಗಂಟಿ ಮಚ್ಚೆಯ ತಲೆಗೆ ಕುಕ್ಕಿತು.

"ಎಷ್ಟು ದಿನ ಅಂತ ಹೀಗೆ ಅಪ್ಪಾ?" ಎಂದಳು ಮೊಮ್ಮಗಳು, ಬಾಯಿ ತುಂಬ ಬನ್ ಇಟ್ಟುಕೊಂಡು.

"ಅಜ್ಜನ ಹತ್ರ ಬಾಯಿ ಬಿಟ್ಟೀಯ, ಜೋಕೆ! ಒಲೆ ಬಿಟ್ರೆ ಮತ್ತೆ ಗೋಡೆ ಮುಂದೆ ಕೂರ್ತಾರೆ."

ಹಾಸಿನ ಹಿಂದೆ ದರ್ಜಿ ಎಲ್ಲವನ್ನೂ ಕೇಳಿಸಿಕೊಂಡರು. ಮನೆಯವರಿಗೆ ಹೊತ್ತುಹೊತ್ತಿಗೆ ಉಣಿಸುತ್ತಿದ್ದೇನೆ ಎಂಬ ಒಂದೇ ನೆಮ್ಮದಿಯ ಮೇಲೆ ಅವರು ಅಷ್ಟು ದಿನ ಎದ್ದು ಕುಳಿತಿದ್ದರು. ಈಗ ನೋಡಿದರೆ ಮನೆಯವರು ಉಪವಾಸ, ಕೋಳಿಗಳಿಗೆ ಔತಣ. ಅಳು ಬರಬೇಕಾಗಿತ್ತು. ಬಂದದ್ದು ಸಿಟ್ಟು. ಆ ಸಿಟ್ಟು ರಾತ್ರಿಯ ಪ್ರಾರ್ಥನೆ ಮುಗಿಯುವ ಹೊತ್ತಿಗೆ ತುಂಟತನವಾಗಿ ತಿರುಗಿತ್ತು. ದೇವರೇ, ಇವರಿಗೆ ಒಂದು ಪಾಠ ಕಲಿಸುತ್ತೇನೆ, ನೀನು ಸ್ವಲ್ಪ ಆಚೆ ನೋಡು ಎಂದು ಬೇಡಿಕೊಂಡು ಮಲಗಿದರು.

ಮರುದಿನ ದೊಡ್ಡ ಪಾತ್ರೆಯಲ್ಲಿ ಅಡುಗೆಯಾಯಿತು. ಮೂವರೂ ತಟ್ಟೆ ಹಿಡಿದು ಎದ್ದರು. ನೋಡುತ್ತಾರೆ, ಹಿತ್ತಲ ಬಾಗಿಲಿಗೆ ಚಿಲಕ. ಚಿಲಕಕ್ಕೆ ಒರಗಿದ ಕುರ್ಚಿ. ಕುರ್ಚಿಯಲ್ಲಿ ದರ್ಜಿ.

"ಹಿತ್ತಲಲ್ಲಿ ಇವತ್ತು ಗಾಳಿ ಇಲ್ಲ," ಎಂದರು. "ಇಲ್ಲೇ ಕೂತು ಉಣ್ಣಿ. ನಿಮಗೆಲ್ಲ ಇಷ್ಟ ಅಂತ ಎರಡು ಪಾಲು ಮಾಡಿದೀನಿ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಮಗ ಧೈರ್ಯ ಮಾಡಿ ಒಂದು ತುತ್ತು ನುಂಗಿದ. ಕಣ್ಣಲ್ಲಿ ನೀರು ಬಂತು.

"ಹೇಗಿದೆ?"

"ಚೆ... ಚೆನ್ನಾಗಿದೆ."

"ಕಣ್ಣೀರು ಬರೋಷ್ಟು ಚೆನ್ನಾಗಿದೆಯಾ! ತಗೋ, ಇನ್ನೊಂದು ಸೌಟು."

"ಬೇಡಪ್ಪಾ, ಹೊಟ್ಟೆ ತುಂಬಿತು!"

"ಒಂದೇ ತುತ್ತಿಗಾ? ನಿನಗಿಂತ ಮಹಾರಾಣಿ ವಾಸಿ. ನಿನ್ನೆ ಎಷ್ಟು ಚೆನ್ನಾಗಿ ಉಂಡಳು!"

ಮಗನ ಕೈ ತಟ್ಟೆಯಲ್ಲೇ ನಿಂತಿತು. ಮೊಮ್ಮಗಳು ನಗು ತಡೆಯಲಾರದೆ ಕೆಮ್ಮಿದಳು. ಸೊಸೆ ತಟ್ಟೆ ಕೆಳಗಿಟ್ಟಳು.

"ಸಾಕು ಮಾವ. ಇದು ಬಾಯಿಗಿಡೋ ಹಾಗಿಲ್ಲ. ಇವತ್ತಲ್ಲ, ಮೊದಲ ದಿನದಿಂದಲೂ ಇಲ್ಲ. ಬೇಕಾದ್ರೆ ನೀವೇ ತಿಂದು ನೋಡಿ."

ತಮಗೆ ಯಾವುದೂ ರುಚಿಸುವುದಿಲ್ಲ ಎನ್ನುತ್ತಲೇ ದರ್ಜಿ ಅವಳ ತಟ್ಟೆಯಿಂದ ಒಂದು ತುತ್ತು ಬಾಯಿಗಿಟ್ಟರು. ಅಷ್ಟು ದಿನ ಸತ್ತಂತೆ ಬಿದ್ದಿದ್ದ ನಾಲಿಗೆ ಎದ್ದು ಕುಳಿತಿತು. "ಅಯ್ಯೋ ದೇವರೇ!" ಎಂದು ಅವರು ನೀರಿಗೆ ಓಡಿದರು. ಚೊಂಬು ಖಾಲಿಯಾದ ಮೇಲೂ ಇನ್ನೊಂದು ಬೇಕಾಯಿತು.

"ಎಷ್ಟು ಉಪ್ಪು ಹಾಕ್ತೀಯ ಅಜ್ಜ?"

"ಬೇಕಾದಷ್ಟು ಹಾಕ್ತೀನಿ, ಆಮೇಲೆ ಸ್ವಲ್ಪ ಜಾಸ್ತಿ. ಬಟ್ಟೆ ಕತ್ತರಿಸುವಾಗ ಅಂಚಿಗೆ ಅಂತ ಬಿಡಲ್ವಾ? ಹೆಚ್ಚಾದ್ರೆ ಒಳಗೆ ಮಡಚಬಹುದು, ಕಮ್ಮಿ ಆದ್ರೆ ಎಲ್ಲಿಂದ ತರೋದು?"

"ಉಪ್ಪನ್ನ ಎಲ್ಲಿಗೆ ಮಡಚೋದಪ್ಪಾ!" ಎಂದು ಮಗ ಹಣೆ ಚಚ್ಚಿಕೊಂಡ.

ನಗು ಎದ್ದಿತು, ನಡುವೆಯೇ ನಿಂತಿತು. ದರ್ಜಿ ಸೊಂಟದ ಟವೆಲ್ ಬಿಚ್ಚುತ್ತಿದ್ದರು. ಅದನ್ನು ನೀಟಾಗಿ ಮಡಚಿ ಸೊಸೆಯ ಮುಂದೆ ಹಿಡಿದರು. "ತಗೋ ತಾಯಿ. ಕೋಳಿಗಳನ್ನೂ ಕೆಡಿಸಿದೆ, ನಿಮ್ಮನ್ನೂ ಉಪವಾಸ ಕೆಡವಿದೆ." ಅವರ ಕಣ್ಣು ಆಗಲೇ ಗೋಡೆಯ ಕಡೆ ಹೊರಳಿತ್ತು.

ಸೊಸೆ ಟವೆಲ್ ಮುಟ್ಟಲಿಲ್ಲ. "ಕಟ್ಕೊಳ್ಳಿ ಮಾವ. ಅಂಗಡೀಲಿ ಅರ್ಧ ಹೊಲಿದ ಅಂಗೀನ ಗಿರಾಕಿಗೆ ತೊಡಿಸಿ ನೋಡ್ತಿರ್ಲಿಲ್ವಾ? ನಮ್ಮನ್ನೂ ಹಾಗೆ ಕರೀರಿ. ನೀವೂ ಒಂದು ತುತ್ತು ತಿನ್ನಿ. ಬ್ರೆಡ್ಡು ಇವತ್ತಿಗೆ ಬಂದ್."

ದರ್ಜಿ ಮಡಚಿದ ಟವೆಲನ್ನು ಬಿಡಿಸಿದರು. ಮತ್ತೆ ಸೊಂಟಕ್ಕೆ ಸುತ್ತಿ, ಬಿಗಿಯಾಗಿ ಗಂಟು ಹಾಕಿದರು.

ಮರುದಿನದಿಂದ ಬೀದಿಗೆಲ್ಲ ಅವರದೇ ದನಿ. "ಟ್ರಯಲ್ಲು! ಬನ್ನಿ ಎಲ್ಲ, ಟ್ರಯಲ್ಲು!" ಮಗ ಗ್ರೀಸ್ ಕೈಯಲ್ಲೇ ಓಡಿಬರಬೇಕು, ಮೊಮ್ಮಗಳು ಅರ್ಧ ಬಾಚಿದ ತಲೆಯಲ್ಲೇ ಬಾಯಿ ತೆರೆದು ನಿಲ್ಲಬೇಕು. ಹಿತ್ತಲ ಬಾಗಿಲಲ್ಲಿ ನಾಲ್ಕು ಕೋಳಿಗಳು ಕತ್ತು ಓರೆ ಮಾಡಿ ಕಾದು, ಕಾಳಿಗೇ ಹಿಂದಿರುಗಿದವು. ಮುನಿಸು ಇಳಿದು, ಮೈಯೂ ಇಳಿದು, ಜಗಳಗಂಟಿ ಮೊದಲು ಗಟ್ಟಿ ಚಿಪ್ಪಿನ ಮೊಟ್ಟೆ ಇಟ್ಟಿತು.

"ಉಪ್ಪು ಸಾಲದು ಅಜ್ಜ," ಎಂದಳು ಒಂದು ದಿನ ಮೊಮ್ಮಗಳು.

"ಸಾಲದಾ?" ದರ್ಜಿ ತಾವೂ ಸೌಟು ನೆಕ್ಕಿ, ಕಣ್ಣು ಮುಚ್ಚಿ, ಬಾಯಿ ಚಪ್ಪರಿಸಿದರು. "ಸರಿಯಾಗಿದೆ! ಹೋಗು, ನಾಲಿಗೆ ತೊಳ್ಕೊಂಡು ಬಾ!"

ಗೋಡೆಯಾಚೆಯಿಂದ ಕ್ಷೌರಿಕ ಕೂಗಿದ. "ದರ್ಜಿಗಳೇ, ವಾಸನೆ ಜೋರಾಗಿದೆ! ನನಗೆ ಯಾವಾಗ?"

ದರ್ಜಿಯ ಬಾಯಿಗೆ ಹಳೆಯ ಅಂಗಡಿಯ ಉತ್ತರ ತಾನಾಗಿ ಬಂತು.

"ಗಿರಾಕಿ ಜಾಸ್ತಿ ಇದೆ ಕಣಪ್ಪಾ. ನಾಳೆ ಬಾ!"