ಆಷಾಢದವರೆಗೆ ಹಾಡಿದ ಮಡಿವಾಳ ಹಕ್ಕಿ

ತೊಂಡೇಬಾವಿಯ ಆಚೆಗಿನ ನಮ್ಮ ಹಳ್ಳಿ ೧೯೬೨ರಲ್ಲಿ ಒಂದು ಮಹತ್ವದ ಪ್ರಶ್ನೆಯನ್ನು ಎದುರಿಸಿತು: ಕಪಿಲೆ ಬಾವಿಯ ಕಂಬದ ಮೇಲೆ ಕೂರುವ ಮಡಿವಾಳ ಹಕ್ಕಿ ಬಾಯಿ ಮುಚ್ಚುವುದು ಯಾವಾಗ? ಅದೇ ವರ್ಷ ಎಲೆಕ್ಷನ್ ಕೂಡ ನಡೆದಿತ್ತು. ಅದರ ಮಾತು ಒಂದು ವಾರ ಬಾಳಿತು.

ಹಕ್ಕಿಯ ಹಾಡಿನ ನಡುವೆ ಒಂದು ಸಿಳ್ಳೆ ಬರುತ್ತಿತ್ತು. ಎರಡು ಉದ್ದ, ಕೊನೆಗೊಂದು ತುಂಡು. ಕಪಿಲೆಯ ಎತ್ತುಗಳು ಇಳಿಜಾರಿನಲ್ಲಿ ಮುಂದೆ ನಡೆದು ನೀರೆತ್ತಿದ ಮೇಲೆ ಹಿಂದಕ್ಕೆ ಹೆಜ್ಜೆಯಿಡಬೇಕಲ್ಲ, ಆಗ ರಾಮಾಂಜಿನಪ್ಪ ಹಾಕುತ್ತಿದ್ದ ಸಿಳ್ಳೆ ಅದು. ಗೌರಿಬಿದನೂರು ಸಂತೆಗೆಂದು ರೈಲು ಹತ್ತಿದ ರಾಮಾಂಜಿನಪ್ಪ ಹನ್ನೆರಡು ವರ್ಷವಾದರೂ ಬಂದಿರಲಿಲ್ಲ. ಹನ್ನೆರಡು ತುಂಬಿದರೆ ದರ್ಭೆಯ ಗೊಂಬೆ ಸುಟ್ಟು ತಿಥಿ ಮಾಡುವುದು ಪದ್ಧತಿ. ಅವತ್ತೇ ಹೆಂಡತಿ ಅಕ್ಕಯ್ಯಮ್ಮನ ಕುಂಕುಮ, ಬಳೆ ಎರಡೂ ಹೋಗಬೇಕು.

"ದಿನಾ ಸಿಳ್ಳೆ ಹಾಕೋ ಮನುಷ್ಯನ್ನ ಹೆಂಗಪ್ಪ ಸುಡ್ತೀಯ?" ಎಂದಳು ಅಕ್ಕಯ್ಯಮ್ಮ, ಮೈದುನ ಆವಲಪ್ಪನಿಗೆ.

"ಅದು ಹಕ್ಕಿ ಅತ್ತಿಗಮ್ಮ."

"ಹನ್ನೆರಡು ವರ್ಷ ಬದುಕೋ ಹಕ್ಕಿನಾ?"

ಆವಲಪ್ಪ ಚೆನ್ನರಾಯಪ್ಪ ಮೇಷ್ಟ್ರನ್ನು ಕರೆತಂದ. ಹಕ್ಕಿಗಳ ವಿಷಯದಲ್ಲಿ ಮೇಷ್ಟ್ರಿಗೆ ಸಂದೇಹವೆಂಬುದು ಹತ್ತಿರ ಸುಳಿದದ್ದಿಲ್ಲ.

"ಅಪ್ಪನ ಹಾಡು ಮಗ ಕಲೀತದೆ ಕಣಮ್ಮ. ಹೆಣ್ಣು ಸಿಗೋವರೆಗೂ ದಿನವೆಲ್ಲಾ ಅರಚ್ತದೆ. ಸಿಕ್ಕಿದ ಮೇಲೆ ಬೆಳಗಿನ ಜಾವ ಮಾತ್ರ. ಮರಿ ಆದ್ರೆ ಹಾಡೋಕೆ ಪುರುಸೊತ್ತೆಲ್ಲಿ? ಆಷಾಢ ಕಳೀಲಿ, ಪುಕ್ಕ ಉದುರಿಸ್ಕೊಂಡು ಗಪ್‌ಚುಪ್."

"ನಮ್ಮ ಮೇಷ್ಟ್ರೂ ಹಂಗೇ. ಮದುವೆ ಆದ್ಮೇಲೆ ಮಾತೇ ಇಲ್ಲ," ಎಂದಳು ಪಕ್ಕದ ಮನೆಯ ಗಂಗುಲಮ್ಮ.

ಅಕ್ಕಯ್ಯಮ್ಮ ನಗಲಿಲ್ಲ. "ಸರಿ. ಹಕ್ಕಿ ಜೊತೆಗೆ ಸಿಳ್ಳೆನೂ ನಿಂತ್ರೆ, ಶ್ರಾವಣದಲ್ಲಿ ನಾನೇ ದರ್ಭೆ ಕಿತ್ಕೊಂಡು ಬರ್ತೀನಿ."

ಹಕ್ಕಿ ಮೇಷ್ಟ್ರ ಪಾಠವನ್ನು ತಪ್ಪದೆ ಒಪ್ಪಿಸಿತು. ಚೈತ್ರದಲ್ಲಿ ಸೂರ್ಯ ನೆತ್ತಿಗೆ ಬಂದರೂ ಹಾಡುತ್ತಿತ್ತು. ಬೂದು ಬಣ್ಣದ ಹೆಣ್ಣೊಂದು ಬಂದ ಮೇಲೆ ಹಾಡು ನಸುಕಿಗೆ ಸರಿಯಿತು. ಮರಿಗಳಿಗೆ ಹುಳ ಹೊರುವಾಗ ಅರ್ಧರ್ಧ ಸಾಲು. ಆಷಾಢದ ಅಮಾವಾಸ್ಯೆಗೆ ಅದೂ ಇಲ್ಲ. ಸಿಳ್ಳೆಯೂ ಇಲ್ಲ.

ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ ಅಕ್ಕಯ್ಯಮ್ಮ ದರ್ಭೆಯ ಕಂತೆ ಹಿಡಿದು ಬಾವಿಯ ಹತ್ತಿರ ಬಂದಳು. ಮೇಷ್ಟ್ರು ಆಗಲೇ ಬಂದಿದ್ದರು, ಗೆದ್ದವರ ಮುಖದಲ್ಲಿ. ಕಂಬದ ಮೇಲೆ ಹಕ್ಕಿ ಬಾಲವಿಲ್ಲದೆ ಕೂತಿತ್ತು. ಆವಲಪ್ಪ ಎತ್ತುಗಳನ್ನು ಇಳಿಜಾರಿಗೆ ಬಿಟ್ಟ.

ಎರಡು ಉದ್ದ. ಒಂದು ತುಂಡು.

ಎಲ್ಲರೂ ಹಕ್ಕಿಯನ್ನು ನೋಡಿದರು. ಅದು ಕೊಕ್ಕು ಮುಚ್ಚಿಕೊಂಡು, ಅವರು ನಿಂತಿದ್ದ ಕಡೆಗಲ್ಲ, ಆವಲಪ್ಪನ ಬೆನ್ನ ಹಿಂದಿನ ಬರಿ ನೆಲದ ಕಡೆಗೆ ನೋಡುತ್ತಿತ್ತು. ಅರ್ಧ ದಾರಿ ಇಳಿದಿದ್ದ ಎತ್ತುಗಳು ನಿಂತವು. ನೀರು ತುಂಬಿದ ತೊಗಲಿನ ಬಾನಿಯನ್ನು ಮತ್ತೆ ಬಾವಿಗೇ ಇಳಿಬಿಡುತ್ತ, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟವು. ರಾಮಾಂಜಿನಪ್ಪ ಹೋದಾಗ ಆ ಎತ್ತುಗಳು ಹುಟ್ಟೇ ಇರಲಿಲ್ಲ. ಆವಲಪ್ಪ ಅವನ್ನು ಹಿಂದಕ್ಕೆ ನಡೆಸುತ್ತಿದ್ದದ್ದು ಬಾರುಕೋಲಿನಿಂದ.

"ಮೇಷ್ಟ್ರೇ," ಎಂದ ಆವಲಪ್ಪ, ಹಿಂದೆ ತಿರುಗದೆ, "ನನ್ನ ಹಿಂದೆ ಯಾರಿದ್ದಾರೆ?"

"ಯಾರೂ ಇಲ್ಲಪ್ಪ," ಎಂದರು ಮೇಷ್ಟ್ರು. ಆಮೇಲೆ ಕೈ ಬೀಸಿ, "ನೀನು ಈ ಕಡೆ ಬಾ," ಎಂದರು.

ಅಕ್ಕಯ್ಯಮ್ಮ ದರ್ಭೆಯನ್ನು ಎತ್ತುಗಳ ಮುಂದೆ ಹಾಕಿ ಮನೆಗೆ ಹೋದಳು. ತಿಥಿ ನಡೆಯಲಿಲ್ಲ.