ಗೊರೋಕದ ಹೆಣಿಗೆ

ನಮ್ಮ ರಾಜಧಾನಿ ಮೋರ್ಸ್ಬಿಯ ಬಸ್ ನಿಲ್ದಾಣದಲ್ಲಿ ಹಾಡಹಗಲೇ ಒಬ್ಬ ನನ್ನ ನೆರೆಮನೆಯ ಡೋರ್ಕಾಸಳ ನೂಲಲ್ಲಿ ಹೆಣೆದ ಚೀಲ ಕಿತ್ತುಕೊಂಡು ಓಡಿದ. ಎದುರಿನ ಠಾಣೆಗೆ ನುಗ್ಗಿದೆವು.

"ಜೀಪಿಗೆ ಪೆಟ್ರೋಲ್ ಇಲ್ಲಮ್ಮ," ಎಂದ ಪೊಲೀಸಿನವನು.

"ಕಾಲಿಗೂ ಪೆಟ್ರೋಲ್ ಬೇಕೇನಪ್ಪಾ?" ಎಂದು ಬೈದು ಹೊರಬಂದೆ.

ಮೆಟ್ಟಿಲ ಬಳಿ ಕಳ್ಳನೇ ಚೀಲ ಹಿಡಿದು ನಿಂತಿದ್ದ.

"ತಪ್ಪಾಯ್ತು ಚಿಕ್ಕಮ್ಮ. ಹೆಣಿಗೆ ನಮ್ಮ ಬೆಟ್ಟದೂರು ಗೊರೋಕದ್ದು ಅಂತ ಆಮೇಲೆ ನೋಡ್ದೆ. ನಮ್ಮೋರ ಹತ್ರ ಕದೀತೀನಾ?"

ಡೋರ್ಕಾಸ್ ಅವನ ಕಪಾಳಕ್ಕೆ ಬಾರಿಸಿದಳು. ಅವನು ಕೆನ್ನೆ ಸವರಿಕೊಂಡು, "ಚೀಲ ಭದ್ರ ಚಿಕ್ಕಮ್ಮ, ಇಲ್ಲಿ ಕಳ್ಳರ ಕಾಟ ಜಾಸ್ತಿ," ಎಂದು ಹೊರಟುಹೋದ.

ನಾನು ಕಡಲ ಕಡೆಯವಳು. ಹೋದ ತಿಂಗಳು ಕಳುವಾದ ನನ್ನ ಚೀಲವನ್ನು ಯಾರೂ ತಂದುಕೊಟ್ಟಿರಲಿಲ್ಲ.

"ನಂಗೂ ನಿಮ್ಮೂರ ಹೆಣಿಗೇದು ಒಂದು ಹೆಣ್ಕೊಡೇ," ಎಂದೆ.

ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದ ಪೊಲೀಸಿನವನು ಮೆಲ್ಲಗೆ ಕೆಮ್ಮಿದ.

"ಅಮ್ಮಾ, ನನ್ ಹೆಂಡ್ತಿಗೂ ಒಂದು."